ಅಸೂಟಿ ದೊಡ್ಡಿಯ ನೇರ ಕಂಬಗಳು

ಅಸೂಟಿ
ರಾಕ್ಷಸ ಸಂವತ್ಸರ, ಭಾದ್ರಪದ ವದ್ಯ ಷಷ್ಠಿ (ಇಸವಿ ೧೮೫೫)

ಗಜೇಂದ್ರಗಡದ ಕಟ್ಟಿಗೆ ವ್ಯಾಪಾರಿ, ಬಾಲ್ಯದ ಗೆಳೆಯ ಪ್ರಭುಲಿಂಗಪ್ಪನಿಗೆ ಅಂದಾನಪ್ಪನ ಶರಣಾರ್ಥಿ.

ಇದೇ ಭಾದ್ರಪದ ವದ್ಯ ತದಿಗೆಯ ದಿನ ನಮ್ಮೂರ ಚಾವಡಿಯಲ್ಲಿ ತಪ್ಪು ಮಾಡದ ಮನುಷ್ಯನಿಗೆ ಶಿಕ್ಷೆಯಾಯಿತು. ಇಪ್ಪತ್ತೆರಡು ವರ್ಷ ಊರ ದನ ಕಾಯ್ದ ಪರಶಪ್ಪನ ಕೈಯಿಂದ ಕೋಲು ಕಸಿದುಕೊಂಡರು. ದೊಡ್ಡಿಯ ಬಾಗಿಲಿಗೆ ಅಗಳಿ ಹಾಕದೆ ಮನೆಗೆ ಹೋದ, ಅದಕ್ಕೇ ದನ ಹೊರಬಿದ್ದವು ಎಂದು ಊರ ದೈವದ ಸಭೆ ಕೂಡಿ, ಹಿರಿಯರೆಲ್ಲ ಒಂದೇ ಬಾಯಿಂದ ಹೇಳಿದರು. ನಾನೊಬ್ಬನೇ ಅಲ್ಲವೆಂದೆ. ನನ್ನ ಮಾತು ಗೋಡೆಗೆ ಹೇಳಿದಂತಾಯಿತು.

ನಡೆದದ್ದನ್ನು ಹೇಳುತ್ತೇನೆ. ಶುದ್ಧ ದಶಮಿಯ ಸಂಜೆ ದೀಪ ಹಚ್ಚುವ ಹೊತ್ತಿಗೆ ಉತ್ತರಿ ಮಳೆ ಗುಡುಗುತ್ತ ಬಂತು. ದೊಡ್ಡಿಯೊಳಗಿನ ದನ ಬೆದರಿ ಪಡುವಣ ಬೇಲಿಗೆ ಒತ್ತಿದವು. ಹನ್ನೊಂದು ಕಂಬ ನೆಲದ ಮಟ್ಟಕ್ಕೆ ಮುರಿದು ಮಲಗಿದವು. ಮೂವತ್ತಾರು ದನ ಹಳ್ಳ ದಾಟಿ ನರಗುಂದ ಸಂಸ್ಥಾನದ ಹದ್ದಿನೊಳಗೆ ನುಗ್ಗಿ ಅಲ್ಲಿಯವರ ಪೈರು ತುಳಿದವು. ಅವರು ಹಿಡಿದು ಕಟ್ಟಿದರು, ಬಿಡಿಸಿಕೊಂಡು ಬರಲು ಐದು ದಿನ ಹಿಡಿಯಿತು. ಗೌರವ್ವನ ಗಬ್ಬದ ಎಮ್ಮೆ ಹಳ್ಳದ ದಂಡೆಯಲ್ಲಿ ಕಾಲು ಮುರಿದುಕೊಂಡು ಸತ್ತಿತು. ಆ ಮುದುಕಿಗೆ ಇದ್ದದ್ದು ಅದೊಂದೇ ಎಮ್ಮೆ. ಈಗ ಪರಶಪ್ಪನ ಮನೆಯ ಮುಂದೆ ಹೋಗುವಾಗಲೆಲ್ಲ ಮಣ್ಣು ತೂರಿ ಶಾಪ ಹಾಕುತ್ತಾಳೆ.

ಚಾವಡಿಯಲ್ಲಿ ದ್ಯಾಮಪ್ಪ ಗೌಡರು ನನ್ನನ್ನು ಕೇಳಿದ ಮಾತು ಇದು: "ಅಂದಾನಪ್ಪಾರ, ಅಗಳಿ ನೆಲದಾಗ ಬಿದ್ದಿತ್ತು. ದನಾ ಬಾಗಲದಾಗ ಹೊಂಟಾವ, ಕಂಬ ಮುರದದ್ದು ಆಮ್ಯಾಲಿನ ಗದ್ದಲದಾಗ. ಹತ್ತು ಮಂದಿ ಕಣ್ಣೀಲೆ ನೋಡೇವಿ. ನಿಮ್ಮ ಪುಸ್ತಕದಾಗ ಏನರ ಬ್ಯಾರೆ ಬರದೈತೇನು?"

ಪರಶಪ್ಪ ಎದ್ದು ನಿಂತ. "ಅಗಳಿ ತಗದಾಂವ ನಾನs ರೀ ಗೌಡ್ರ. ಕಂಬ ಬಿದ್ದ ಮ್ಯಾಲ, ಓಡಿಹೋದ ದನಾ ಹೊಳ್ಳಿ ಒಳಗ ಹೊಡೀಬೇಕಂತ ತಗದೇನಿ."

"ಕೇಳಿದ್ರ್ಯಾ? ತಗದೇನಿ ಅಂತ ಅವನs ಹೇಳಾಕತ್ತಾನ!" ಎಂದರು ಗೌಡರು. ಕೂತವರೆಲ್ಲ ನಕ್ಕರು. ಅಲ್ಲಿಗೆ ತೀರಿತು ವಿಚಾರಣೆ.

ದೀಪಾವಳಿಯ ಪಾಡ್ಯದಂದು ದೈವವೇ ದನ ಕಾಯುವವನ ಕೈಗೆ ಕೋಲು ಕೊಡುವ ಪದ್ಧತಿ ನಿನಗೆ ತಿಳಿದದ್ದೇ. ಬರುವ ಪಾಡ್ಯಕ್ಕೆ ಅದನ್ನು ಗೌಡರ ಹೆಂಡತಿಯ ತಮ್ಮ ಹೇಮಪ್ಪನಿಗೆ ಕೊಡುವುದೆಂದು ನಿಶ್ಚಯಿಸಿದ್ದಾರೆ. ಒಮ್ಮೆ ಇನ್ನೊಂದು ಮನೆತನಕ್ಕೆ ಹೋದ ಕೋಲು ಹಿಂದೆ ಬಂದದ್ದನ್ನು ನಾನು ಕಂಡಿಲ್ಲ. ಕೋಲಿನ ಜೊತೆ ಪರಶಪ್ಪನಿಗೆ ಮನೆಗೊಂದರಂತೆ ಬರುವ ರೊಟ್ಟಿಯೂ ಹೋಯಿತು. ಆಗಲೇ ಯಾರೂ ಹಾಕುತ್ತಿಲ್ಲ. ಪಾಡ್ಯದ ನಂತರ ಅವನು ಊರು ಬಿಡಬೇಕು.

ನಿನ್ನಿಂದ ನನಗೆ ಬೇಕಾದದ್ದು ಎರಡೇ ಸಾಲು. ಪ್ರಮಾದೀಚ ಸಂವತ್ಸರದಲ್ಲಿ ಆ ದೊಡ್ಡಿಗೆ ಎಪ್ಪತ್ತು ಜಾಲಿ ಕಂಬ ಕೊಟ್ಟವನು ನೀನು. ಆರಿಸಿ ತರಿಸುವ ಕೆಲಸ ಊರವರು ನನಗೆ ಒಪ್ಪಿಸಿದ್ದರು. ಎಷ್ಟು ಚಂದದ ಬೇಲಿಯಾಗಿತ್ತು ಅದು! ದಾರಿಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ ನೋಡುತ್ತಿದ್ದರು. ಅಂಥ ಕಂಬ ಎರಡೂವರೆ ವರ್ಷಕ್ಕೆ ಮುರಿಯಬಾರದಿತ್ತು. ಮುರಿದದ್ದು ಕಂಬದ ದೋಷ, ಕಾಯುವವನದಲ್ಲ ಎಂದು ಬರೆದು ನಿನ್ನ ಸಹಿ ಹಾಕು. ಚಾವಡಿಯಲ್ಲಿ ಓದಿ ಹೇಳುತ್ತೇನೆ. ಸಂತೆಗೆ ಬರುವ ಮೋದಿನಸಾಬನ ಗಾಡಿಯಲ್ಲಿ ಈ ಪತ್ರ ಕಳಿಸಿದ್ದೇನೆ. ಅವನ ಕೈಯಲ್ಲೇ ಉತ್ತರ ಕೊಡು.

ನಿನ್ನ
ಅಂದಾನಪ್ಪ


ಗಜೇಂದ್ರಗಡ
ಭಾದ್ರಪದ ವದ್ಯ ದ್ವಾದಶಿ

ಪ್ರಿಯ ಅಂದಾನಪ್ಪನಿಗೆ ಪ್ರಭುಲಿಂಗಪ್ಪನ ಶರಣು.

ಪತ್ರ ಮುಟ್ಟಿತು. ಗೌರವ್ವನ ಎಮ್ಮೆಯ ಸುದ್ದಿ ಓದಿ ನನ್ನ ಹೆಂಡತಿ ಸಿದ್ದವ್ವ ಬಹಳ ಮರುಗಿದಳು. ನನ್ನ ಮೊಣಕಾಲಿನ ನೋವು ಮಳೆ ಶುರುವಾದಾಗಿನಿಂದ ಹೆಚ್ಚಾಗಿದೆ. ಗುಡ್ಡ ಹತ್ತಿ ಮರ ನೋಡುವುದು ಈಗ ಆಗುವುದಿಲ್ಲ, ಆಳುಗಳು ತಂದದ್ದನ್ನು ಕಟ್ಟಿಗೆ ಅಡ್ಡೆಯಲ್ಲಿ ಕೂತೇ ಬಡಿದು ನೋಡುತ್ತೇನೆ.

ನಿಮ್ಮ ದೊಡ್ಡಿಗೆ ಹೊಸ ಕಂಬ ಬೇಕಾಗಿರಬೇಕು. ನಮ್ಮಲ್ಲಿ ಕಮರದ ಮರದ ಕಂಬ ಬಂದಿವೆ. ಕಬ್ಬಿಣದಂಥ ಕಟ್ಟಿಗೆ. ತೂತು ಕೊರೆಯುವಾಗ ಬಡಿಗೇರನ ಉಳಿ ಎರಡು ಸಲ ಮೊಂಡಾಗುತ್ತದೆ. ಹನ್ನೊಂದಲ್ಲ, ಇಪ್ಪತ್ತು ಕಳಿಸುತ್ತೇನೆ. ಊರ ಕೆಲಸ, ಏನೂ ಕೊಡಬೇಡ. ಬುಡ ಸುಟ್ಟು ಕರಕು ಮಾಡಿ ನೆಡಿಸು. ಬೇವು ಕಹಿ, ಹುಳ ಹತ್ತುವುದಿಲ್ಲವೆಂದು ಕೆಲವರು ಹೇಳುತ್ತಾರೆ. ಕಹಿಯಾದರೂ ಅದು ಒತ್ತಡ ತಡೆಯುವ ಮರವಲ್ಲ. ಎತ್ತು ಬೆನ್ನು ತಿಕ್ಕಿದರೆ ಸಾಕು, ಮುರಿಯುತ್ತದೆ. ಅದನ್ನು ಮಾತ್ರ ಹಾಕಿಸಬೇಡ.

ಹಳೆಯ ಕಂಬದ ಮಾತು ಈಗ ಯಾಕೆ? ನಿಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಬಿರಿದು ಕಂಬ ಅಲುಗಿಸುತ್ತದೆ, ಮಳೆ ಬಿದ್ದರೆ ಉಬ್ಬಿ ಹಿಸುಕುತ್ತದೆ. ಅದರ ಮೇಲೆ ಜಾಲಿಯೆಂದರೆ ತನ್ನ ಮನಸ್ಸಿಗೆ ಬಂದಂತೆ ಬಾಗಿ ಬೆಳೆಯುವ ಮರ. ಅದರಿಂದ ಇದೇ ಆಗಬೇಕು, ಹೀಗೇ ಆಗಬೇಕು ಎಂದು ಹಟ ಹಿಡಿದರೆ ನಡೆಯುವುದಿಲ್ಲ. ಎರಡು ಸಾಲು ಬರೆದು ಕೊಡು ಎಂದಿದ್ದೀ. ಬರೆಯಲು ಕೂತರೆ ಅದು ಎರಡು ಸಾಲಿಗೆ ನಿಲ್ಲುವುದಿಲ್ಲ, ಅಂದಾನಪ್ಪ. ಬೇಡ ಬಿಡು.

ನಿಮ್ಮ ಕಡೆಯ ಹೊಸ ಕಡಲೆ ಬಂದಾಗ ನಾಲ್ಕು ಸೇರು ಕಳಿಸಬೇಕೆಂದು ಸಿದ್ದವ್ವ ಹೇಳುತ್ತಾಳೆ. ವೀಳ್ಯದೆಲೆ ಒಂದು ಕಟ್ಟು ಕಳಿಸಿದ್ದೇನೆ.

ಪ್ರಭುಲಿಂಗಪ್ಪ


ಅಸೂಟಿ
ಆಶ್ವಿಜ ಶುದ್ಧ ಬಿದಿಗೆ

ಪ್ರಭುಲಿಂಗಪ್ಪನವರಿಗೆ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊಣಕಾಲು ಇದೆ, ಕಡಲೆ ಇದೆ, ಬೇವಿದೆ. ನಾನು ಕೇಳಿದ್ದು ಮಾತ್ರ ಇಲ್ಲ. ಕೇಳದೆ ಇದ್ದ ಇಪ್ಪತ್ತು ಕಂಬವನ್ನು ಪುಕ್ಕಟೆ ಕೊಡುತ್ತೇನೆಂದು ಬರೆದಿದ್ದೀರಿ. ತಪ್ಪು ಇಲ್ಲದವನು ಹೀಗೆ ಪುಕ್ಕಟೆ ಕೊಡುವುದಿಲ್ಲ. ನಾನು ಅಷ್ಟು ದಡ್ಡನಲ್ಲ.

ನಿನ್ನೆ ಮೋದಿನಸಾಬನನ್ನು ಕರೆದುಕೊಂಡು ದೊಡ್ಡಿಗೆ ಹೋದೆ. ಮುರಿದ ಕಂಬದ ಬುಡವನ್ನು ಅಗೆಸಿ ಹೊರತೆಗೆಸಿದೆ. ಅವನು ಕೊಡಲಿಯಿಂದ ಒಂದೇಟು ಹಾಕಿದ. ಹೊರಗಿನ ಬಿಳಿ ಕಟ್ಟಿಗೆಯೆಲ್ಲ ಹಿಟ್ಟಾಗಿ ಉದುರಿತು. ನಡುವೆ ಕಪ್ಪಗಿನ ಕೆಚ್ಚು ಎಷ್ಟಿತ್ತು ಗೊತ್ತೇ? ನನ್ನ ಹೆಬ್ಬೆರಳಿನಷ್ಟು. ಉಳಿದದ್ದೆಲ್ಲ ಹುಳದ ಊಟ.

"ಇದು ಮರಾ ಅಲ್ರಿ, ಮರದ ಮರಿ" ಎಂದ ಮೋದಿನಸಾಬ. "ಆರೇಳು ವರ್ಷದ್ದು ಇದ್ದರ ಭಾಳಾತು. ನೀರಾಗ ಮುಳುಗಿಸಿಲ್ಲ. ಮುಳುಗಿಸಿದ್ರ ಕೆರಿ ಕೆಸರಿನ ಕಪ್ಪು ಹತ್ತಿರತಿತ್ತು, ನೋಡ್ರಿ, ಎಲ್ಲೈತಿ?"

ನಾನು ಹೇಳಿದ್ದು ಇದನ್ನಲ್ಲ. ಹೇಳಿದ ಪ್ರತಿಯೊಂದು ಮಾತು ನನಗೆ ನೆನಪಿದೆ. ಪರಿಧಾವಿ ಸಂವತ್ಸರದ ಮಳೆಗಾಲ ಮುಗಿಯುವಾಗಲೇ ನಿಮಗೆ ಬರೆದೆ: ಬಲಿತ ಕರಿಜಾಲಿಯೇ ಆಗಬೇಕು, ತೊಡೆಯಷ್ಟು ದಪ್ಪದ್ದು. ಚಂದ್ರ ಕರಗುವ ಪಕ್ಷದಲ್ಲಿ ಕಡಿಯಬೇಕು. ತಿಂಗಳುಗಟ್ಟಲೆ ಕೆರೆಯ ಕೆಸರಿನಲ್ಲಿ ಮುಳುಗಿಸಬೇಕು, ರಸ ಇಳಿದ ಮೇಲೆ ನೆರಳಲ್ಲಿ ಒಣಗಿಸಬೇಕು. ನೆಡುವಾಗ ತಲೆ ಕೆಳಗೆ, ಬುಡ ಮೇಲೆ. ಇಷ್ಟು ಬರೆದ ಮೇಲೂ ನೀವು ಕಳಿಸಿದ್ದು ಎಳೆಯ ಗಿಡಗಳನ್ನು.

ನನಗೆ ಇನ್ನೂ ಒಂದು ನೆನಪಾಗುತ್ತದೆ. ರೋಣದ ಮಠದ ಸಾಲೆಯಲ್ಲಿ ಐಗಳ ಮಣ್ಣಿನ ಮಸಿದೌತಿ ಒಡೆದವರು ನೀವು. ಮಸಿಯ ಕೈ ಇದ್ದದ್ದು ನನ್ನದು. ಛಡಿಯೇಟು ಬಿದ್ದದ್ದು ನನಗೆ. ನಲವತ್ತು ವರ್ಷವಾಯಿತು, ಆ ದಿನ ಬಾಯಿ ಬಿಡದ ಹಾಗೆಯೇ ಇವತ್ತೂ ಬಾಯಿ ಬಿಡುತ್ತಿಲ್ಲ. ಆಗ ಏಟು ತಿಂದವನು ಸುಮ್ಮನಾದ. ಈಗ ತಿನ್ನುತ್ತಿರುವವನಿಗೆ ಮನೆ ಇದೆ, ಹೆಂಡತಿ ಇದ್ದಾಳೆ.

ಪರಶಪ್ಪನ ಹೆಂಡತಿ ಅಡಿವೆವ್ವನಿಗೆ ಒಂದು ಚೀಲ ಜೋಳ ಕಳಿಸಿದ್ದೆ. ಹೊರಿಸಿಕೊಂಡು ಹಿಂದೆ ತಂದು ನನ್ನ ಕಟ್ಟೆಯ ಮೇಲೆ ಇಳಿಸಿದಳು. "ದುಡಿದ ರೊಟ್ಟಿ ಕೊಡಸ್ರಿ ಅಪ್ಪಾರ. ದಾನದ್ದು ಬ್ಯಾಡ" ಎಂದಳು. ನಾನು ತಲೆಯೆತ್ತಿ ನೋಡಲಿಲ್ಲ.

ಎಳೆಯ ಕಟ್ಟಿಗೆ ಕೊಟ್ಟೆ ಎಂದು ಒಪ್ಪಿಕೊಂಡು ಬರೆಯಿರಿ. ನಿಮ್ಮ ಎಲೆಯ ಕಟ್ಟನ್ನು ಬಿಚ್ಚದೆ ಹಿಂದೆ ಕಳಿಸಿದ್ದೇನೆ.

ಅಂದಾನಪ್ಪ


ಅಸೂಟಿ
ಆಶ್ವಿಜ ಶುದ್ಧ ದಶಮಿ

ಪ್ರಭುಲಿಂಗಪ್ಪನವರಿಗೆ.

ಮೋದಿನಸಾಬ ಬರಿಗೈಯಲ್ಲಿ ಬಂದ. ಏನಂದರು ಎಂದು ಕೇಳಿದೆ. "ಸಾವಕಾರ್ರು ಓದಿದ್ರು, ಮಡಚಿದ್ರು, ಮತ್ತ ಬಿಚ್ಚಿ ಓದಿದ್ರು. ಉತ್ತರಾ ಐತೇನ್ರಿ ಅಂದೆ. ಎತ್ತಿಗೆ ನೀರ ಕುಡಸ್ಯೋ ಇಲ್ಲೋ ಅಂದ್ರು. ಕುಡಸೇನ್ರಿ ಅಂದೆ. ಮತ್ತೊಮ್ಮಿ ಕುಡಸು ಅಂದ್ರು" ಎಂದ.

ನನಗೆ ನಗು ಬರಲಿಲ್ಲ. ಇವತ್ತು ಬನ್ನಿ ಕೊಡುವ ದಿನ. ಊರಲ್ಲಿ ಎಲ್ಲರೂ ಎಲ್ಲರ ಮನೆಗೆ ಹೋಗಿ ಬನ್ನಿ ಕೊಟ್ಟು ಬಂಗಾರದಂಗ ಇರೋಣ ಎಂದರು. ಪರಶಪ್ಪನ ಬಾಗಿಲಿಗೆ ಒಬ್ಬರೂ ಹೋಗಲಿಲ್ಲ. ಅವನೇ ಒಂದು ಹಿಡಿ ಬನ್ನಿ ಹಿಡಿದು ಗೌರವ್ವನ ಮನೆಗೆ ಹೋದ. ಅವಳು ಬಾಗಿಲು ಮುಚ್ಚಿಕೊಂಡಳು. ಎಲೆಯನ್ನು ಹೊಸ್ತಿಲ ಮೇಲಿಟ್ಟು ನಮಸ್ಕಾರ ಮಾಡಿ ಬಂದ.

ಪಾಡ್ಯಕ್ಕೆ ಇನ್ನು ಮೂರೇ ವಾರ. ಎತ್ತಿಗೆ ನೀರು ಕುಡಿಸಿದ್ದು ಸಾಕು. ಉತ್ತರ ಕೊಡಿ.

ಅಂದಾನಪ್ಪ


ಗಜೇಂದ್ರಗಡ
ಆಶ್ವಿಜ ಹುಣ್ಣಿಮೆ

ಅಂದಾನಪ್ಪ,

ನೀನು ನನ್ನನ್ನು ನೀವು ಎಂದು ಕರೆದ ದಿನ ನಾನು ಊಟ ಬಿಟ್ಟೆ. ಇನ್ನು ಸುಮ್ಮನಿದ್ದರೆ ನಿನ್ನ ಸಿಟ್ಟು ಇನ್ನೂ ಬೆಳೆಯುತ್ತದೆ, ಅದಕ್ಕೆ ಬರೆಯುತ್ತೇನೆ. ಬರೆಯಬಾರದೆಂದೇ ಹೋದ ಸಲ ಗಾಡಿ ಬರಿದೇ ಕಳಿಸಿದೆ.

ನೀನು ಪರಿಧಾವಿಯಲ್ಲಿ ಬರೆದದ್ದು ಖರೆ. ಬಲಿತ ಕರಿಜಾಲಿ, ಕತ್ತಲ ಪಕ್ಷ, ಕೆರೆಯ ಕೆಸರು, ಎಲ್ಲ ಬರೆದಿದ್ದೆ. ನಾನು ಹಾಗೇ ಮಾಡಿದೆ. ಆ ಕಂಬಗಳನ್ನು ಪ್ರಮಾದೀಚ ಚೈತ್ರದಲ್ಲಿ ಎರಡು ಗಾಡಿ ತುಂಬಿ ಅಸೂಟಿಗೆ ಕಳಿಸಿದೆ. ನೀನು ಇಳಿಸಿಕೊಳ್ಳಲೇ ಇಲ್ಲ. ಹಿಂದೆ ಕಳಿಸಿದೆ. ಜೊತೆಗೊಂದು ಪತ್ರ ಬರೆದೆ. ಅದು ನಿನಗೆ ನೆನಪಿಲ್ಲವೆಂದು ನಿನ್ನ ಮೊದಲ ಪತ್ರ ಓದಿದಾಗಲೇ ತಿಳಿಯಿತು.

ನಿನಗೆ ಡೊಂಕು ಕಂಬ ಬೇಡವಾಗಿತ್ತು. ನೇರ ಬೇಕಾಗಿತ್ತು, ಎಲ್ಲ ಒಂದೇ ಗಾತ್ರ ಬೇಕಾಗಿತ್ತು, ಮಳೆ ಬೀಳುವುದರೊಳಗೆ ಬೇಕಾಗಿತ್ತು. ಜಾಲಿ ಎಳೆಯದಿದ್ದಾಗ ಮಾತ್ರ ನೇರ. ಕೆಚ್ಚು ಕೂಡುವ ಹೊತ್ತಿಗೆ ಅದು ಬಾಗಿರುತ್ತದೆ. ನೀನು ನೇರ ಕೇಳಿದೆ, ನಾನು ಎಳೆಯದನ್ನು ಕೊಟ್ಟೆ. ಮುಳುಗಿಸಲು ಹೊತ್ತಿರಲಿಲ್ಲ.

ಇದನ್ನು ಚಾವಡಿಯಲ್ಲಿ ಓದುವ ಹಾಗೆ ಎರಡು ಸಾಲಲ್ಲಿ ಬರೆದರೆ ನಿನ್ನ ಹೆಸರು ಬರದೆ ಇರುತ್ತಿರಲಿಲ್ಲ. ಅದಕ್ಕೇ ಬೇಡ ಬಿಡು ಎಂದೆ.

ದೌತಿ ಒಡೆದವನು ನಾನೇ. ಆಗ ನಾನು ಒಂಬತ್ತು ವರ್ಷದವನು.

ಪ್ರಭುಲಿಂಗಪ್ಪ


ಅಸೂಟಿ
ಆಶ್ವಿಜ ವದ್ಯ ತದಿಗೆ

ಪ್ರಭುಲಿಂಗಪ್ಪನವರಿಗೆ.

ಇದು ಸುಳ್ಳು. ಕಂಬ ಹಿಂದೆ ಕಳಿಸಿದ ನೆನಪು ನನಗಿಲ್ಲ. ಯಾವ ಸಂವತ್ಸರದಲ್ಲಿ ಯಾವ ಕೆರೆ ಒಡೆಯಿತು, ಯಾವ ಜಮಾಬಂದಿಗೆ ಯಾವ ಕಾರಕೂನ ಬಂದ ಎಂದು ಈ ಸೀಮೆಯವರು ನನ್ನನ್ನು ಕೇಳಲು ಬರುತ್ತಾರೆ. ನನಗೆ ಮರೆವಿಲ್ಲ. ವ್ಯಾಪಾರಿಯಾದವನು ತನ್ನ ಸರಕು ಕೆಟ್ಟರೆ ಕೊಂಡವನ ತಲೆಗೆ ಕಟ್ಟುವುದು ಹೊಸದಲ್ಲ.

ಅಂಥ ಪತ್ರವಿದ್ದರೆ ಕಳಿಸಿ. ಇಲ್ಲದಿದ್ದರೆ ಅದನ್ನೂ ಬರೆದು ತಿಳಿಸಿ.

ಅಂದಾನಪ್ಪ


ಗಜೇಂದ್ರಗಡ
ಆಶ್ವಿಜ ವದ್ಯ ಸಪ್ತಮಿ

ಅಂದಾನಪ್ಪನಿಗೆ,

ಕಳಿಸಿದ್ದೇನೆ. ಪ್ರಮಾದೀಚ ಸಂವತ್ಸರ, ಚೈತ್ರ ವದ್ಯ ಚೌತಿ ಎಂದು ಮೇಲೆ ಇದೆ. ನಿನ್ನದೇ ಅಕ್ಷರ, ಮುತ್ತು ಪೋಣಿಸಿದ ಹಾಗೆ. ನನಗೆ ಹಾಗೆ ಬರೆಯಲು ಎಂದೂ ಬರಲಿಲ್ಲ.

ನಾನಾಗ ಯಾಕೆ ಹೇಳಲಿಲ್ಲ ಎಂದು ನೀನು ಕೇಳುತ್ತೀ. ಪತ್ರದ ಕೊನೆಯ ಸಾಲು ನೋಡು. ನಿನ್ನಿಂದಾಗದಿದ್ದರೆ ಕಟ್ಟಿಗೆ ತಿಳಿದವರ ಹತ್ತಿರ ಕೇಳುತ್ತೇನೆ ಎಂದು ಬರೆದಿದ್ದೀ. ಮೂವತ್ತು ವರ್ಷ ಮರದ ಜೊತೆ ಬದುಕಿದವನಿಗೆ ಆ ಮಾತು. ಸಾಲೆಯಲ್ಲೂ ನಾನು ಓದಲು ತಡವರಿಸಿದರೆ ಹಿಂದಿನಿಂದ ನಗುತ್ತಿದ್ದವನು ನೀನು. ನೇರ ಬೇಕೋ, ತಗೋ ನೇರ ಎಂದು ಕಳಿಸಿಬಿಟ್ಟೆ. ದೊಡ್ಡಿಯೊಳಗೆ ನಿಲ್ಲುವವರು ನಾವಿಬ್ಬರೂ ಅಲ್ಲ, ದನ ಮತ್ತು ಅದನ್ನು ಕಾಯುವವನು ಎಂದು ಆ ಸಿಟ್ಟಿನಲ್ಲಿ ಹೊಳೆಯಲಿಲ್ಲ.

ಈಗ ನನ್ನ ಮಾತು ಕೇಳು. ಓದಿ, ಒಲೆಗೆ ಹಾಕಿಬಿಡು. ಇದು ನಿನಗೂ ನನಗೂ ಬಿಟ್ಟು ಇನ್ನೊಬ್ಬರಿಗೆ ಗೊತ್ತಿಲ್ಲ. ಮೋದಿನಸಾಬನಿಗೆ ಗೊತ್ತಿದೆ, ಅವನು ಹೇಳುವವನಲ್ಲ. ಪರಶಪ್ಪನಿಗೂ ಒಂದು ದಾರಿ ಮಾಡಿದ್ದೇನೆ. ಸೂಡಿಯಲ್ಲಿ ನನಗೆ ಗುರುತಿನವರಿದ್ದಾರೆ, ಅಲ್ಲಿ ದನ ಕಾಯಲು ಒಬ್ಬರು ಬೇಕಂತೆ. ಗಂಡ ಹೆಂಡತಿ ಹೋಗಿ ಇರಲಿ. ಊರು ಬೇರೆಯಾದರೂ ರೊಟ್ಟಿ ಸಿಗುತ್ತದೆ. ನಿನ್ನ ಮಾನವೂ ಉಳಿಯುತ್ತದೆ, ನನ್ನ ಅಡ್ಡೆಯೂ ಉಳಿಯುತ್ತದೆ.

ನಾವು ಮುದುಕರಾದೆವು. ಜಗಳ ಸಾಕು.

ಪ್ರಭುಲಿಂಗಪ್ಪ


ಅಸೂಟಿ
ಆಶ್ವಿಜ ವದ್ಯ ಏಕಾದಶಿ

ಪ್ರಭುಲಿಂಗಪ್ಪ,

ಪತ್ರ ಬಂತು. ಅಕ್ಷರ ನನ್ನದೇ. "ನೀನು ಕಳಿಸಿದ ಕಂಬಗಳು ಮುದುಕರ ಕಾಲಿನಂತೆ ಡೊಂಕಾಗಿವೆ. ಧಾರವಾಡದಲ್ಲಿ ಕುಂಪಣಿಯವರ ಕುದುರೆ ಲಾಯದ ಬೇಲಿ ನೋಡಿ ಬಂದವನು ನಾನು. ನೂಲು ಹಿಡಿದಂತೆ ನಿಂತಿವೆ. ನಮ್ಮ ಊರಿಗೇನು ಕಡಿಮೆ?" ಓದುತ್ತ ಹೋದಂತೆ ಒಂದೊಂದೇ ಮಾತು ನೆನಪಿಗೆ ಬಂತು. ಆ ಲಾಯದ ಕಂಬ ತೇಗದ್ದು. ತೇಗ ನೇರವಾಗಿಯೇ ಬಲಿಯುವ ಮರ. ನಾನು ಜಾಲಿಯಿಂದ ತೇಗದ ರೂಪ ಕೇಳಿದ್ದೆ.

ಆದರೂ ಮನಸ್ಸು ಒಪ್ಪಲಿಲ್ಲ. ಮೋದಿನಸಾಬನನ್ನು ಕರೆದೆ. ಎರಡು ಗಾಡಿ ಕಂಬ ಹಿಂದೆ ಹೋದದ್ದು ಹೌದೋ ಎಂದೆ. "ಹೌದ್ರಿ. ಇಳಿಸಾಕs ಬಿಡಲಿಲ್ಲ ನೀವು. ನನ್ನ ಎತ್ತು ಬೈಕೋತ ಹ್ವಾದ್ವು" ಎಂದ. ಆ ದಿನ ದೊಡ್ಡಿಯಲ್ಲಿ ಬುಡ ಅಗೆಯುವಾಗ ಯಾಕೆ ಹೇಳಲಿಲ್ಲವೋ ಎಂದು ಗದರಿದೆ. "ನೀವು ಕೇಳಿದ್ದು ಕಟ್ಟಿಗಿ ಎಂಥಾದ್ದು ಅಂತ್ರಿ. ಯಾರು ಆರಿಸಿದ್ರು ಅಂತ ಕೇಳಲಿಲ್ಲ" ಎಂದ. ಆ ಕಂಬ ಈಗ ಎಲ್ಲಿವೆ ಎಂದೆ. ಸೂಡಿಯ ದೊಡ್ಡಿಯಲ್ಲಿವೆ ಎಂದು ಹೇಳಿ, ಗಾಡಿ ಕಟ್ಟಿ ಕರೆದುಕೊಂಡು ಹೋದ.

ಕಣ್ಣಾರೆ ಕಂಡೆ. ಒಂದು ಎಡಕ್ಕೆ ಬಾಗಿದೆ, ಒಂದು ಬಲಕ್ಕೆ. ಒಂದೂ ಅಲುಗುವುದಿಲ್ಲ. ಲಕ್ಷ್ಮಪ್ಪ ಎನ್ನುವ ಅಲ್ಲಿಯ ರೈತ ಕೊಡಲಿಯ ಹಿಂಭಾಗದಿಂದ ಬಡಿದು ತೋರಿಸಿದ, ಗಂಟೆಯಂತೆ ಸಪ್ಪಳವಾಯಿತು. "ಕೊಡ್ಲಿ ಕಾವು ಮುರಿದೀತು, ಇದು ಮುರಿಯಂಗಿಲ್ರಿ. ಅಸೂಟ್ಯಾಗ ಯಾರೋ ಶಾಣ್ಯಾರು ಡೊಂಕು ಅಂತ ಹೊಳ್ಳಿ ಕಳಿಸಿದ್ರಂತ. ಅವರ ಹೊಟ್ಟಿ ತಣ್ಣಗಿರ್ಲಿ!" ಎಂದು ನಕ್ಕ. ಮೋದಿನಸಾಬ ಎತ್ತಿನ ಕೊರಳ ಹಗ್ಗ ಸರಿಮಾಡುತ್ತ ಆ ಕಡೆ ತಿರುಗಿ ನಿಂತ.

ಊರಿಗೆ ಬಂದವನೇ ಪರಶಪ್ಪನ ಮನೆಗೆ ಹೋದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಿನ್ನ ಸೂಡಿಯ ಮಾತನ್ನೂ ಹೇಳಿದೆ. ಮಾತಾಡಿದವಳು ಅಡಿವೆವ್ವ.

"ಈಗ ನೆನಪಾತೇನ್ರಿ ಅಪ್ಪಾರ? ಮತ್ತೊಂದು ನೆನಪ ಮಾಡ್ಲ್ಯಾ? ಈ ಬ್ಯಾಸಿಗ್ಯಾಗ ನಮ್ಮನಿಯವರು ನಿಮ್ಮ ಮನಿ ಕಟ್ಟಿತನಕ ಬಂದಿದ್ರು. ಪಡುವಣ ದಿಕ್ಕಿನ ಕಂಬ ಕೈಲೆ ಹಿಡಿದ್ರ ಅಳ್ಳಾಡ್ತಾವ್ರಿ ಅಂದ್ರು. ನೀವು ಏನಂದ್ರಿ?"

ಉತ್ತರವನ್ನೂ ಅವಳೇ ಹೇಳಿದಳು.

"ಕಂಬ ಸೆಟದ ನಿಂತಾವಿಲ್ಲೋ, ಭೂಮಿ ಬಿರದೈತಿ ಅದಕ್ಕ ಅಳ್ಳಾಡ್ತಾವ, ನೀ ದನದ ಬಾಲ ನೋಡು ಹೋಗು ಅಂದ್ರಿ. ಚಾವಡ್ಯಾಗ ಅದನ್ನ ಹೇಳು ಅಂತ ನಾ ಬಡಕೊಂಡೆ. ಅಪ್ಪಾರು ಒಬ್ಬರs ನಮ್ಮ ಕಡೆ ನಿಂತಾರ, ಅವರ ಮಾನ ಕಳೀಬಾರದು ಅಂತ ಇವರು ಬಾಯಿ ಮುಚ್ಚಿದ್ರು. ನಿಮ್ಮ ನೆನಪು ದೊಡ್ಡದ್ರಿ, ಊರಿಗೆಲ್ಲಾ ಗೊತ್ತೈತಿ. ನಿಮಗ ಬೇಕಾದ್ದನ್ನಷ್ಟ ಹಿಡಕೊಂತೈತಿ."

"ಸಾಕು ಬಿಡ," ಎಂದ ಪರಶಪ್ಪ. ಆಮೇಲೆ ನನ್ನ ಕಡೆ ನೋಡದೆ, "ಸೂಡಿಗೆ ನಾ ಹೋಗಂಗಿಲ್ರಿ. ಹ್ವಾದ್ರ ಅಗಳಿ ಹಾಕಲಾರದಾಂವ ಓಡಿಹ್ವಾದ ಅಂತಾರ. ಗೌರವ್ವನೂ ಹಂಗ ಅನ್ಕೋತs ಸಾಯ್ತಾಳ" ಎಂದ.

ಅಲ್ಲಿಂದ ನೇರ ಚಾವಡಿಗೆ ಹೋದೆ. ನನ್ನ ಪತ್ರವನ್ನು ಗೌಡರ ಮುಂದೆ, ಕೂತಿದ್ದ ಹಿರಿಯರ ಮುಂದೆ ನಾನೇ ಓದಿದೆ. ಕಂಬ ಆರಿಸಿದವನು ನಾನು, ತಪ್ಪು ಆರಿಸಿದೆ, ಅಲುಗುತ್ತವೆಂದು ಪರಶಪ್ಪ ಹೇಳಿದಾಗ ಬೈದು ಕಳಿಸಿದೆ ಎಂದೆ. ಹೀಗೆ ಹೇಳಿದರೆ ತೀರಿತು ಎಂದುಕೊಂಡಿದ್ದೆ. ತೀರಲಿಲ್ಲ. ದ್ಯಾಮಪ್ಪ ಗೌಡರು ಅಡಿಕೆ ಕತ್ತರಿಸುತ್ತ ಎಲ್ಲ ಕೇಳಿದರು.

"ಭಾಳ ಚಲೋ ಓದಿದ್ರಿ ಅಂದಾನಪ್ಪಾರ. ಕೇಳಿ ಕಣ್ಣಾಗ ನೀರ ಬರೂದೊಂದು ಬಾಕಿ. ಆದ್ರ ಇದರಾಗ ಇರೂದು ಏನು? ನೇರ ಕಂಬ ಕಳಿಸು ಅಂತ ಐತಿ. ಕೆಟ್ಟ ಕಂಬ ಕಳಿಸು ಅಂತ ಎಲ್ಲೈತಿ? ಕೊಟ್ಟಾಂವ ಎಂಥಾದ್ದು ಕೊಟ್ಟಾನು, ಅವನs ಬಲ್ಲ. ನೀವು ಪರಶ್ಯಾನ ಮ್ಯಾಲಿನ ಮರುಕಕ್ಕ ತಪ್ಪು ಮೈಮ್ಯಾಲ ಹಾಕ್ಕೊಳ್ಳಾಕತ್ತೀರಿ ಅಂತ ಮಂದಿ ಅಂತಾರ."

ಅವರ ಮಗ್ಗುಲಲ್ಲಿ ಹೇಮಪ್ಪ ಕೂತು ನಗುತ್ತಿದ್ದ. ಇಷ್ಟು ವರ್ಷ ನನ್ನ ಮಾತನ್ನು ಕಾಗದದಂತೆ ನಂಬುತ್ತಿದ್ದ ಊರು, ನಾನು ತಪ್ಪಿತಸ್ಥ ಎಂದಾಗ ಮಾತ್ರ ನಂಬುತ್ತಿಲ್ಲ! ನಾನು ಬಿಡಲಿಲ್ಲ. ಕೊಟ್ಟವನು ಬಂದು ಹೇಳಿದರೆ ಏನು ಮಾಡುತ್ತೀರಿ ಎಂದು ಎಲ್ಲರ ಮುಂದೆ ಕೇಳಿದೆ. ಹಿರಿಯರು ಗೌಡರ ಕಡೆ ತಿರುಗಿದರು. ಕಡೆಗೆ ಗೌಡರೇ ಹೇಳಬೇಕಾಯಿತು: "ಎಳೇ ಕಟ್ಟಿಗಿ ಕೊಟ್ಟೇನಿ ಅಂತ ಆ ಪ್ರಭುಲಿಂಗಪ್ಪ ಇದs ಚಾವಡ್ಯಾಗ ನಿಂತು ಅನ್ಲಿ. ದೈವ ಮಾತು ಹಿಂದಕ್ಕ ತಗೋತೈತಿ, ಕೋಲು ಪರಶ್ಯಾಗs ಕೊಡ್ತೈತಿ. ಆದ್ರ ಕಾಗದಾ ಗೀಗದಾ ನಡಿಯಂಗಿಲ್ಲ. ಮನಷ್ಯಾ ಬರಬೇಕು." ನೀನು ಬರುವುದಿಲ್ಲ ಎಂಬ ಧೈರ್ಯದ ಮೇಲೆ ಆಡಿದ ಮಾತು ಅದು. ಆಡಿಯಾಗಿದೆ. ಹದಿನಾಲ್ಕು ಮಂದಿ ಕೇಳಿದ್ದಾರೆ.

ನಿನ್ನ ಮನಸ್ಸಿನಲ್ಲಿ ಏನು ನಡೆಯುತ್ತದೆಂದು ನನಗೆ ತಿಳಿಯುತ್ತದೆ. ಗಜೇಂದ್ರಗಡದಿಂದ ರೋಣದವರೆಗೆ ಪ್ರಭುಲಿಂಗಪ್ಪ ಎಳೆಯ ಕಟ್ಟಿಗೆ ಮಾರುತ್ತಾನೆ ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಪುಸ್ತಕ ಓದಿದ ಅಂದಾನಪ್ಪನಿಗೆ ಜಾಲಿಯ ಗುಣ ಗೊತ್ತಿಲ್ಲ ಎಂದು ಇವತ್ತಾಗಲೇ ಬಾವಿಕಟ್ಟೆಯಲ್ಲಿ ಆಡಿಕೊಳ್ಳುತ್ತಿದ್ದಾರೆ, ನಾನು ಸತ್ತಿಲ್ಲ. ನಿನ್ನನ್ನು ಸಾಲೆಯಲ್ಲಿ ನಕ್ಕದ್ದಕ್ಕೆ, ಕಟ್ಟಿಗೆ ತಿಳಿದವರು ಎಂದು ಬರೆದದ್ದಕ್ಕೆ ನಾನು ತಪ್ಪಿತಸ್ಥ. ಅದನ್ನೂ ಅಲ್ಲಿಯೇ ನಿಂತು ಹೇಳುತ್ತೇನೆ. ಆದರೆ ನನ್ನ ಮೇಲಿನ ಸಿಟ್ಟಿಗೆ ನೀನು ಕೊಟ್ಟ ಕಂಬದ ಕೆಳಗೆ ಸಿಕ್ಕವನು ಪರಶಪ್ಪ. ನನ್ನ ಮಾನ ಉಳಿಸುವ ನಿನ್ನ ಸ್ನೇಹದ ಬೆಲೆಯನ್ನೂ ಅವನೇ ತೆತ್ತ. ಪತ್ರ ಸುಡು ಎಂದೆಯಲ್ಲ, ಸುಟ್ಟಿಲ್ಲ. ಚಾವಡಿಯ ತೊಲೆಗೆ ಸಿಕ್ಕಿಸಿದ್ದೇನೆ. ಓದಲು ಬರುವವರು ಓದುತ್ತಿದ್ದಾರೆ, ಬಾರದವರು ಓದಿಸಿಕೊಳ್ಳುತ್ತಿದ್ದಾರೆ.

ಪಾಡ್ಯಕ್ಕೆ ಐದು ದಿನ ಉಳಿದಿದೆ. ಮೋದಿನಸಾಬನ ಗಾಡಿಯಲ್ಲಿ ಹುಲ್ಲು ಹಾಸಿಸಿ ಕಳಿಸಿದ್ದೇನೆ. ನಿನ್ನ ಮೊಣಕಾಲಿಗೆ ನೋವಾಗದ ಹಾಗೆ ನಿಧಾನ ಹೊಡೆಯಲು ಹೇಳಿದ್ದೇನೆ. ನೀನು ಹತ್ತುವವರೆಗೆ ಅವನು ನಿನ್ನ ಅಂಗಳ ಬಿಡುವುದಿಲ್ಲ.

ಪಾಡ್ಯದ ಬೆಳಗ್ಗೆ, ಕೋಲು ಹೇಮಪ್ಪನ ಕೈಗೆ ಹೋಗುವ ಮೊದಲು, ಅಸೂಟಿಯ ಚಾವಡಿಯಲ್ಲಿ ನಿಂತು ಉತ್ತರ ಕೊಡು. ಆ ಕಂಬಗಳಲ್ಲಿ ಕೆಚ್ಚಿಲ್ಲ ಎಂದು ಗಾಡಿ ತುಂಬುವಾಗ ನಿನಗೆ ಗೊತ್ತಿತ್ತೋ ಇಲ್ಲವೋ? ಗೊತ್ತಿದ್ದರೆ, ಎರಡೂವರೆ ವರ್ಷದಲ್ಲಿ ಒಂದು ದಿನವಾದರೂ ಈ ಊರಿಗೆ ಒಂದು ಮಾತು ಯಾಕೆ ಹೇಳಿ ಕಳಿಸಲಿಲ್ಲ? ನನಗೆ ಪತ್ರ ಬರೆಯಬೇಡ. ಪರಶಪ್ಪನ ಮುಖ ನೋಡಿ, ಗೌರವ್ವನಿಗೂ ಕೇಳುವ ಹಾಗೆ, ಗಟ್ಟಿಯಾಗಿ ಹೇಳು.

ಅಂದಾನಪ್ಪ